ಐದನೆಯ ಕಂಬದ ಮುಂದೆ ಬಿಟ್ಟ ಚಪ್ಪಲಿ

ಕಪ್ಪತಗುಡ್ಡದ ಗಾಳಿನೆಲೆ
೨೧೮೭ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಉದ್ಯೋಗದ ನಿಯಮಗಳನ್ನು ಬರೆಯುತ್ತಿರುವ ಹಿಂದಿನ ಕಾಲದ ಹಿರಿಯರಿಗೆ ವಾಗ್ಮಿತಾ ಹೊಂಬಳ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳೆಂದು ಓದಿ ಬೆರಗಾಗಬೇಡಿ. ಗಾಳಿ ಹುಚ್ಚೆದ್ದು ಬೀಸುವ ದಿನಗಳನ್ನು ನಾವು ಯಾವ ಮಾಸಕ್ಕೂ ಸೇರಿಸದೆ ಬೇರೆಯಾಗಿ ಎಣಿಸುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ಅಪರಿಚಿತವೆನಿಸಬಹುದು, ಕ್ಷಮಿಸಿ. ಅವು ಸೂಚಿಸುವ ಸಂಗತಿಗಳಲ್ಲಿ ಬಹುಪಾಲು ನಿಮ್ಮ ಕಾಲದವೇ. ನಾವು ಹೆಸರನ್ನಷ್ಟೇ ಬದಲಿಸಿದ್ದೇವೆ.

ಖಾಯಂ ನೌಕರರನ್ನು ಇಲ್ಲಿ ಬೇರಿನವರೆಂದೂ, ತಾತ್ಕಾಲಿಕ ನೌಕರರನ್ನು ಎಲೆಯವರೆಂದೂ ಕರೆಯುತ್ತಾರೆ. ಎಲೆಯವರು ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಉದುರಬೇಕು. ಆ ದಿನವೇ ಉದುರುದಿನ. ಅಂದು ಬೆಳಿಗ್ಗೆ ಅವರ ಮುಂಗೈಯ ಗುರುತಿನ ಕಡಗವನ್ನು ಕಳಚಿ, ಹಾಜರಿ ಪಟ್ಟಿಯಿಂದ ಹೆಸರನ್ನು ಅಳಿಸಿ, ಬಾಗಿಲಿನ ಹೊರಗೆ ಕಳಿಸುತ್ತಾರೆ. ಮರುದಿನ ಅದೇ ಬಾಗಿಲಿನಲ್ಲಿ ಅದೇ ಕಡಗವನ್ನು ತೊಡಿಸಿ ಹೊಸಬರೆಂದು ಬರಮಾಡಿಕೊಳ್ಳುತ್ತಾರೆ. ಹೀಗೆ ಇಪ್ಪತ್ತು ವರ್ಷ ದುಡಿದವರೂ ಲೆಕ್ಕದಲ್ಲಿ ಒಂದು ವರ್ಷ ದುಡಿದವರಾಗುವುದಿಲ್ಲ.

ಆದರೂ ನೀವು ಎಲೆಯವರಿಗೆ ಒಂದು ಹಕ್ಕನ್ನು ಬಿಟ್ಟು ಹೋಗಿದ್ದೀರಿ. ಎಲೆಯವರು ನಿರ್ವಹಿಸುತ್ತಿರುವ ಹುದ್ದೆ ಖಾಯಂ ಆದಾಗ, ಅದನ್ನು ಬೇರಿನವರ ಆಂತರಿಕ ವರ್ಗಾವಣೆಯಿಂದ ತುಂಬುವುದಾದರೆ, ಆದೇಶ ಹೊರಬಿದ್ದ ದಿನವೇ ಅವರು ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಿಸುವವರ ಹೆಸರು ಅಂದು ಹಾಜರಿ ಪಟ್ಟಿಯಲ್ಲಿರಬೇಕು. ಅಷ್ಟೇ.

ನಾನು ನೇಮಕಾತಿ ಶಾಸ್ತ್ರದಲ್ಲಿ ಇಡೀ ನಾಡಿಗೆ ಮೊದಲಿಗಳು. ವಿನಯಕ್ಕಾಗಿ ಇದನ್ನು ಮುಚ್ಚಿಡಲಾರೆ. ಮುಂದಿನದೆಲ್ಲ ಆ ಮೊದಲ ಸ್ಥಾನದಿಂದಲೇ ನಡೆಯಿತು. ಅಂತಿಮ ಪರೀಕ್ಷೆಯಲ್ಲಿ, ಆಕ್ಷೇಪಣೆಗಳಿಲ್ಲದೆ ವರ್ಗಾವಣೆ ನಡೆಸುವುದು ಹೇಗೆಂದು ಕೇಳಿದ್ದರು. ಉಳಿದವರು ಹದಿನೈದು ಪುಟ ಬರೆದರು. ನಾನು ಒಂದು ವಾಕ್ಯ ಬರೆದೆ: ಆದೇಶವನ್ನು ಎಲೆಯವರ ಉದುರುದಿನದಂದೇ ಹೊರಡಿಸಿರಿ. ಪರೀಕ್ಷಕರು ನನಗೆ ಪದಕ ಕೊಟ್ಟರು, ಗಾಳಿಮಂಡಳಿ ಕೇಂದ್ರ ಕಚೇರಿಯಲ್ಲಿ ಕೆಲಸ ಕೊಟ್ಟಿತು.

ಎರಡು ವರ್ಷಗಳ ಬಳಿಕ ನನ್ನನ್ನೇ ಈ ಗುಡ್ಡಕ್ಕೆ ವರ್ಗಾಯಿಸಿದರು. ಹೊಸದಾಗಿ ಖಾಯಂ ಆದ ಆ ಹುದ್ದೆಯ ಹೆಸರು ಕಂಬಗಿವಿ. ಇಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಏಳು ಗಾಳಿಕಂಬಗಳಿವೆ. ದೂಳಿನಿಂದ ತಪಾಸಣೆಯ ಯಂತ್ರಗಳೆಲ್ಲ ಕುರುಡಾಗಿರುವ ಕಾರಣ, ಕಂಬಗಿವಿಯಾದವರು ದಿನವೂ ಪ್ರತಿ ಕಂಬಕ್ಕೆ ಕಿವಿಯಿಟ್ಟು ಯಾವುದರ ಒಡಲಿನಲ್ಲಿ ಬಿರುಕು ಹುಟ್ಟಿದೆಯೆಂದು ಹೇಳಬೇಕು. ಕಂಬಗಳ ಬುಡದಲ್ಲಿ ಎಲೆಯವರ ಮುನ್ನೂರು ಮನೆಗಳಿವೆ. ಹತ್ತೊಂಬತ್ತು ವರ್ಷಗಳಿಂದ ಈ ಕೆಲಸವನ್ನು ಮಾಡುತ್ತಿದ್ದವಳು ಫಕೀರವ್ವ ಎಂಬ ಎಲೆಯವಳು. ವರ್ಗಾವಣೆಯ ಆದೇಶ ಹೊರಬಿದ್ದದ್ದು ಆಕೆಯ ಉದುರುದಿನದಂದು. ತಾರೀಖನ್ನು ಕಂಡೊಡನೆ ನನ್ನ ವಾಕ್ಯದ ಗುರುತು ಹತ್ತಿತು. ಒಲ್ಲೆನೆನ್ನಲು ನನಗೂ ಅವಕಾಶವಿತ್ತು. ನಾನು ಪೆಟ್ಟಿಗೆ ಕಟ್ಟಿದೆ.

ನಾನು ಬಂದಿಳಿದ ಬೆಳಿಗ್ಗೆ ಫಕೀರವ್ವ ಆಕ್ಷೇಪಣೆಯ ಕಾಗದ ಹಿಡಿದು ಬಾಗಿಲಿನಲ್ಲಿ ನಿಂತಿದ್ದಳು. ಗುಮಾಸ್ತ ಶಿದ್ರಾಮ ಆಕೆಗೆ ಕಡಗ ತೊಡಿಸುತ್ತ, “ನಿನ್ನೆ ತರಬೇಕಿತ್ತಲ್ಲ ಬೇ ಇದನ್ನ,” ಎಂದ.

“ನಿನ್ನೆ ನೀನ ನನ್ನ ಕಡಗ ಕಳಚಿ ಹೊರಗ ಹಾಕಿದ್ಯಲ್ಲೋ ಶಿದ್ರಾಮ!”

“ಹೌದವ್ವಾ. ಹೊರಗಿನವರ ಕಾಗದ ಹೆಂಗ ತಗೊಳ್ಳಲಿ?”

ಸಾಲಿನಲ್ಲಿದ್ದವರು ನಕ್ಕರು. ಫಕೀರವ್ವನೂ ನಕ್ಕಳು. ಆ ನಗುವನ್ನು ನಾನು ಸೋಲೆಂದು ತಿಳಿದೆ. ಅದು ತಪ್ಪು. ಆಕೆಗೆ ಇನ್ನೊಂದು ದಾರಿಯಿತ್ತು: ಕೈತೋರು.

ಕೈತೋರು ಎಂದರೆ, ಹುದ್ದೆ ಕಳೆದುಕೊಳ್ಳುವ ಎಲೆಯವರು ತಮ್ಮ ಜಾಗಕ್ಕೆ ಬಂದವರಿಗೆ ಹನ್ನೊಂದು ದಿನ ಕೆಲಸ ಕಲಿಸಿಕೊಡುವ ಪದ್ಧತಿ. ಕೊನೆಯ ದಿನ ಪರೀಕ್ಷೆ. ಕಲಿಸಿದವರು ಪ್ರತಿ ಕಂಬಕ್ಕೂ ಕಿವಿಯಿಟ್ಟು ಮುಂದೆ ಮಾತಿಲ್ಲದೆ ನಡೆಯಬೇಕು, ಕಲಿತವರು ಹಿಂದೆ ನಡೆದು ರೋಗದ ಕಂಬವನ್ನು ಹೆಸರಿಸಬೇಕು. ತಪ್ಪಿದರೆ ವರ್ಗಾವಣೆ ರದ್ದಾಗಿ ಹುದ್ದೆ ಎಲೆಯವರಿಗೇ ಖಾಯಂ ಆಗುತ್ತದೆ.

ಫಕೀರವ್ವ ಮೋಸ ಮಾಡಲಿಲ್ಲ. ತನಗೆ ತಿಳಿದದ್ದನ್ನೆಲ್ಲ ಕಲಿಸಿದಳು. ನನ್ನ ತಲೆಯನ್ನು ಹಿಡಿದು ಕಂಬಕ್ಕೆ ಒತ್ತಿ, “ಜೋಳದ ರೊಟ್ಟಿ ತಟ್ಟಿದ ಸಪ್ಪಳದ ಹಿಂದ, ಹಲ್ಲ ಕಡದಂಗ ಕೇಳತೈತಿ ನೋಡ್ರಿ,” ಎನ್ನುತ್ತಿದ್ದಳು. ನನಗೆ ಕೇಳಿಸಿದ್ದು ಗಾಳಿ ಮಾತ್ರ. “ಓದಿದ ಕಿವಿ ನಿಮ್ದು, ಬಾಯಾರ, ಭಾಳ ತುಂಬೈತಿ. ಒಂದೀಟು ಖಾಲಿ ಮಾಡ್ರಿ,” ಎಂದು ಹಾಸ್ಯ ಮಾಡುತ್ತಿದ್ದಳು. ನಾನು ಅದುವರೆಗೆ ಯಾವ ಪರೀಕ್ಷೆಯಲ್ಲೂ ಎರಡನೆಯವಳಾದವಳಲ್ಲ. ಕಿವಿಯಿಂದ ಆಗದ್ದನ್ನು ಕಣ್ಣಿನಿಂದ ಮಾಡಿದೆ.

ಮೂರನೆಯ ದಿನ ಒಂದು ಸಂಗತಿ ಗಮನಕ್ಕೆ ಬಂತು. ಎರಡನೆಯ ಕಂಬಕ್ಕೆ ಕಿವಿಯಿಟ್ಟು ಸರಿದ ಫಕೀರವ್ವ, ಚಪ್ಪಲಿ ಬಿಟ್ಟು ಅದಕ್ಕೊಂದು ಸುತ್ತು ಬಂದಳು. ಕಾಯಿಲೆಯವರ ಮುಂದೆ ಮೆಟ್ಟು ಮೆಟ್ಟಿ ನಿಲ್ಲಬಾರದೆಂಬುದು ಆಕೆಯ ತಾಯಿ ಕಲಿಸಿದ ನಡೆಯಂತೆ. ಬುಡದ ಮನೆಗಳವರಿಗೆಲ್ಲ ಇದು ಗೊತ್ತಿತ್ತು. ಆಕೆ ಚಪ್ಪಲಿ ಬಿಟ್ಟರೆ, ಆ ಕಂಬ ಉರುಳೀತೆಂದು ಸುತ್ತಲಿನವರು, ಯಾರ ಅಪ್ಪಣೆಗೂ ಕಾಯದೆ, ಮಕ್ಕಳನ್ನೂ ಪಾತ್ರೆಗಳನ್ನೂ ಎತ್ತಿಕೊಂಡು ಸರಿಯುತ್ತಿದ್ದರು. ದುರಸ್ತಿಯಾದ ಮೇಲೆ ಮರಳುತ್ತಿದ್ದರು.

ಹನ್ನೊಂದನೆಯ ದಿನ ಶಿದ್ರಾಮನ ಎದುರಿಗೆ ಪರೀಕ್ಷೆ ನಡೆಯಿತು. ಫಕೀರವ್ವ ಮುಂದೆ, ನಾನು ಹಿಂದೆ. ನಾನು ಪ್ರತಿ ಕಂಬಕ್ಕೂ ಕಣ್ಣುಮುಚ್ಚಿ ಕಿವಿಯಿಟ್ಟಂತೆ ಮಾಡಿ, ರೆಪ್ಪೆಯ ಸಂದಿನಿಂದ ಆಕೆಯ ಪಾದಗಳನ್ನು ನೋಡಿದೆ. ನಾಲ್ಕು ಕಂಬ ದಾಟಿದೆವು. ಐದನೆಯದರ ಮುಂದೆ ಆಕೆಯ ಬಲಗಾಲು ತಡೆಯಿತು. ಆಕೆ ಒಂದು ಕ್ಷಣ ಹೋರಾಡಿದ್ದನ್ನು ನಾನು ಕಂಡೆ: ಬೆರಳುಗಳು ಚಪ್ಪಲಿಯ ಉಂಗುಟವನ್ನು ಬಿಗಿಯಾಗಿ ಹಿಡಿದಿದ್ದವು. ಬಿಡದೆ ಹೋಗಿದ್ದರೆ ಹುದ್ದೆ ಆಕೆಯದಾಗುತ್ತಿತ್ತು. ಆದರೆ ಸುತ್ತಲಿನ ಬಾಗಿಲುಗಳಲ್ಲಿ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಆಕೆಯ ಕಾಲನ್ನೇ ನೋಡುತ್ತಿದ್ದರು. ಫಕೀರವ್ವ ಚಪ್ಪಲಿ ಬಿಟ್ಟಳು.

“ಐದನೆಯದು,” ಎಂದೆ.

ಫಕೀರವ್ವ ತಲೆಯಾಡಿಸಿದ ಮೇಲೆ, “ಖರೆ ಐತಿ,” ಎಂದು ಶಿದ್ರಾಮ ಬರೆದುಕೊಂಡ.

ಕಡಗವನ್ನು ತಾನೇ ಕಳಚಿ ನನ್ನ ಅಂಗೈಯಲ್ಲಿಟ್ಟ ಫಕೀರವ್ವ ಆ ದಿನ ಮೊದಲ ಬಾರಿ ನನ್ನನ್ನು ತಂಗಿ ಎಂದಳು. “ಶಾಣ್ಯಾ ಇದ್ದಿ ತಂಗಿ. ನನ್ನ ಕಾಲು ಓದಿದಿ. ನಾಳಿಂದ ಯಾರ ಕಾಲು ಓದತಿ?”

ಆಕೆ ಎತ್ತ ಹೋದಳೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಕರೆಸಬೇಕಾಗುತ್ತದೆ, ಕರೆಸಿದರೆ ನನಗೆ ಕೇಳಿಸದೆಂದು ಒಪ್ಪಬೇಕಾಗುತ್ತದೆ. ಇದೆಲ್ಲ ನಡೆದು ನಾಲ್ಕು ತಿಂಗಳಾಯಿತು. ಐದನೆಯದರ ದುರಸ್ತಿ ಮುಗಿದಂದಿನಿಂದ ಏಳೂ ಕಂಬಗಳು ಆರೋಗ್ಯವಾಗಿವೆಯೆಂದು ದಿನವೂ ಸಹಿ ಮಾಡುತ್ತೇನೆ. ನಿಮಗೆ ಇದನ್ನೆಲ್ಲ ಬರೆಯಲು ಧೈರ್ಯ ಬಂದದ್ದು ನೀವು ಇಲ್ಲಿಗೆ ಬಂದು ದೂರು ಕೊಡಲಾರಿರಿ ಎಂಬುದರಿಂದ.

ನನ್ನದು ಒಂದೇ ಬೇಡಿಕೆ. ನಿಯಮವನ್ನು ಬರೆಯುವಾಗ, ಹೊರಗೆ ನಿಲ್ಲಿಸಿದ ಆ ಒಂದು ದಿನವೂ ಕೆಲಸದ ದಿನವೇ ಎಂದು ಸೇರಿಸಿರಿ. ಒಂದು ವಾಕ್ಯ ಸಾಕು. ನನ್ನಂಥವಳನ್ನು ತಡೆಯಲು ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ನೀವು ಬರೆಯದಿದ್ದರೆ ನಾನಾಗಿ ಈ ಕುರ್ಚಿ ಬಿಟ್ಟು ಏಳುವವಳಲ್ಲ. ನನ್ನನ್ನು ನಾನು ಬಲ್ಲೆ.

ಇವತ್ತು ಗಾಳಿ ಜೋರಾಗಿದೆ. ಬೆಳಗಿನ ಸುತ್ತಿಗೆ ಹೊರಟಾಗ ಬಾಗಿಲು ಬಾಗಿಲಿನಲ್ಲೂ ಹೆಂಗಸರು ಮಕ್ಕಳನ್ನೆತ್ತಿಕೊಂಡು ನನ್ನ ಕಾಲನ್ನು ನೋಡುತ್ತ ನಿಂತಿದ್ದರು. ಏಳು ಕಂಬಗಳಿಗೂ ಕಿವಿಯಿಟ್ಟೆ, ಚಪ್ಪಲಿ ಬಿಡಲಿಲ್ಲ. ಅವರು ಮಕ್ಕಳನ್ನು ಕೆಳಗಿಳಿಸಿ ಒಲೆ ಹೊತ್ತಿಸಲು ಒಳಗೆ ಹೋದರು.