ಬೇಕೆಂದೇ ಕೆಡಿಸಿದ ಪರೀಕ್ಷೆ

ಬ್ರೆಂಟ್ ಹಾರ್ಬರ್, ಮಿಶಿಗನ್
ಸೆಪ್ಟೆಂಬರ್ 27, ಶುಕ್ರವಾರ

ಪ್ರೀತಿಯ ತಮ್ಮ ಪಾವ್ಲೋ,

ಹೇಗಿದ್ದೀಯೋ? ಭುಜದ ನೋವು ಇಳಿಯಿತೇ? ತಂಡ ಸೇರಲು ಹೊರಟಾಗ ಅಜ್ಜಿ ಕಟ್ಟಿಕೊಟ್ಟ ಆಲೂಗಡ್ಡೆ ಪೆರೋಹಿ ಕಡುಬು ಬಸ್ಸಿನಲ್ಲೇ ಖಾಲಿಯಾಗಿರಬೇಕು, ನಿನ್ನ ಹೊಟ್ಟೆ ನನಗೆ ಗೊತ್ತಿಲ್ಲವೇ. ಫೋನು ಬಿಟ್ಟು ಕಾಗದ ಹಿಡಿದಿದ್ದಾನಲ್ಲ ಮುದುಕ ಎಂದು ನಗಬೇಡ. ಫೋನಿನ ಬೆಳಕು ಕಣ್ಣಿಗೆ ಬಿದ್ದರೆ ತಲೆಯೊಳಗೆ ಮೊಳೆ ಹೊಡೆದಂತಾಗುತ್ತದೆ. ಮಾತಾಡಹೋದರೆ ನಡುವೆ ಮಾತೇ ಮರೆಯುತ್ತದೆ. ಕಾಗದವಾದರೆ ಹಿಂದಿನ ಸಾಲು ಕಣ್ಣೆದುರೇ ಇರುತ್ತದೆ. ಡಾರ್ಲಾ ಕೈಲಿ ಹೇಳಿಸಬಹುದಿತ್ತು, ಆದರೆ ಇದನ್ನು ಹೆಂಡತಿಯ ಬಾಯಲ್ಲಿ ಹೇಳಿಸಲು ನಾಚಿಕೆ. ಪರದೆ ಎಳೆದ ಅಡುಗೆಮನೆಯಲ್ಲಿ ಕೂತು ಮೂರು ದಿನದಿಂದ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷ ಐಸ್ ಹಾಕಿ ಆಡಿದೆ, ಏಳು ಊರು. ದೊಡ್ಡ ಲೀಗಿನ ಬಾಗಿಲು ಒಮ್ಮೆಯೂ ತೆರೆಯಲಿಲ್ಲ, ಅದರ ಕೆಳಗಿನ ಲೀಗಿನಲ್ಲಿ ಮೂರೇ ಪಂದ್ಯ. ನಾನು ಗೋಲು ಹೊಡೆಯಲು ಇದ್ದವನಲ್ಲ. ನಮ್ಮವರನ್ನು ಯಾರಾದರೂ ಗುದ್ದಿದರೆ ಕೈಗವಸು ಬಿಸಾಡಿ ಅವನೊಂದಿಗೆ ಹೊಡೆದಾಡುವುದು, ಶಿಕ್ಷೆಯೆಂದು ಐದು ನಿಮಿಷ ಹೊರಗೆ ಕೂರುವುದು, ಇದೇ ನನ್ನ ಉದ್ಯೋಗ. ಜನ ಎದ್ದು ನಿಂತು "ಹಾಕೋ ಅವ್ನಿಗೆ, ಇನ್ನೊಂದು ಹಾಕೋ!" ಎಂದು ಕೂಗುತ್ತಿದ್ದರು. ನನಗೂ ಅದು ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಸೀಸನ್ ಶುರುವಾಗುವ ಮೊದಲು ಕಂಪ್ಯೂಟರ್ ಮುಂದೆ ಕೂರಿಸಿ ಪದಗಳನ್ನು ತೋರಿಸಿ ನೆನಪಿಟ್ಟುಕೋ ಎನ್ನುತ್ತಾರಲ್ಲ, ತಲೆಗೆ ಪೆಟ್ಟಾದ ಮೇಲೆ ಮತ್ತೆ ಅದೇ ಪರೀಕ್ಷೆ. ಅಂಕ ಇಳಿದಿದ್ದರೆ ಆಟವಿಲ್ಲ. ಮೊದಲ ವರ್ಷ ಲಾಯ್ಡ್ ಎಂಬ ಹಳೆಯ ಆಟಗಾರ ಕಿವಿಯಲ್ಲಿ ಊದಿದ: "ಈಗ್ಲೇ ದಡ್ಡನಾಗಿಬಿಡೋ ಮರಿ. ಆಮೇಲೆ ಎಷ್ಟು ಹೊಡ್ತ ತಿಂದ್ರೂ ಹುಷಾರಾಗೇ ಕಾಣ್ತೀಯ." ಹನ್ನೊಂದು ವರ್ಷವೂ ಬೇಕೆಂದೇ ತಪ್ಪು ಉತ್ತರ ಕೊಟ್ಟೆ. ಹೋದ ಕ್ರಿಸ್‌ಮಸ್‌ನಲ್ಲಿ ಅಜ್ಜಿಯ ಒಲೆಯ ಪಕ್ಕ ಕೂತು ಈ ವಿದ್ಯೆಯನ್ನು ನಿನಗೂ ಕಲಿಸಿದೆ. ಇಬ್ಬರೂ ಎಷ್ಟು ನಕ್ಕೆವು!

ಮಾರ್ಚಿನಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಮೂರು ದಿನ ಯಾವ ಊರಿನಲ್ಲಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಪರೀಕ್ಷೆ ಮುಗಿಸಿದಾಗ ಟ್ರೇನರ್ ಬೆನ್ನು ತಟ್ಟಿದ: "ಏನಯ್ಯಾ ಓರೆಸ್ಟ್, ಹೋದ ಸಲಕ್ಕಿಂತ ಒಂದಂಕ ಜಾಸ್ತೀನೇ ಬಂದಿದೆ!" ಗಾಯಗೊಂಡವನನ್ನು ತಂಡ ಕೈಬಿಡುವಂತಿಲ್ಲ, ವಾಸಿಯಾಗುವತನಕ ಚಿಕಿತ್ಸೆ ಕೊಡಿಸಬೇಕು. ಆರೋಗ್ಯವಂತನನ್ನು ಯಾವ ಬೆಳಿಗ್ಗೆ ಬೇಕಾದರೂ ತಂಡದಿಂದ ಕಳಿಸಬಹುದು. ಕಾಗದದ ಪ್ರಕಾರ ನಾನು ಆರೋಗ್ಯವಂತ, ಮಾರನೇ ದಿನವೇ ಕಳಿಸಿದರು. ತಂಡದ ವೈದ್ಯರ ಬಳಿ ಹೋಗಿ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಕೇಳಿದರು: "ಆಗ ಮಾಡಿದ್ದು ನಾಟಕಾನೋ, ಈಗ ಮಾಡ್ತಿರೋದು ನಾಟಕಾನೋ? ನಾನು ಯಾವ್ದನ್ನ ಬರ್ಕೊಳ್ಳಲಪ್ಪಾ?" ಅವರನ್ನು ದೂರುವಂತಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಆರು ತಿಂಗಳಾಯಿತು, ತಲೆನೋವೂ ಮರೆವೂ ಇಳಿದಿಲ್ಲ. ಹೋದ ವಾರ ಮಗಳನ್ನು ಕರೆತರಲು ಹೋಗಿ, ಶಾಲೆಯೆದುರು ಕಾರು ನಿಲ್ಲಿಸಿ, ಯಾಕೆ ಬಂದೆನೆಂದು ತಿಳಿಯದೆ ವಾಪಸು ಬಂದೆ. ಐದು ವರ್ಷದ ಕೂಸು, ಹೆದ್ದಾರಿ ದಾಟಿ ಒಬ್ಬಳೇ ಮನೆಗೆ ನಡೆದು ಬಂದಳು. ಭಯವಾಗುತ್ತದೆ ಪಾವ್ಲೋ. ಗುದ್ದಾಟಕ್ಕೆ ಹೆದರದವನು ಈಗ ಕಾರಿನ ಕೀಲಿ ಮುಟ್ಟಲು ಹೆದರುತ್ತೇನೆ. ಅಂದಹಾಗೆ, ನಿನ್ನ ಭುಜ ಹೇಗಿದೆ? (ಆಗಲೇ ಕೇಳಿದ್ದೀ ಎಂದು ಡಾರ್ಲಾ ತೋರಿಸಿದಳು. ಇರಲಿ ಬಿಡು.)

ಮುಂದಿನ ವಾರ ನಿನ್ನನ್ನೂ ಆ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ನಾನು ಕಲಿಸಿದ್ದನ್ನು ಮರೆತುಬಿಡು. ನಿನಗೆಷ್ಟು ಬರುತ್ತದೋ ಅಷ್ಟನ್ನೂ ಉತ್ತರಿಸು. ನಿನ್ನ ಕಾಲಡಿಯ ಮಂಜುಗಡ್ಡೆ ಗಟ್ಟಿಯಾಗಿರಲಿ. ಅಜ್ಜಿಗೆ ಫೋನು ಮಾಡಿದಾಗ ನನ್ನ ನಮಸ್ಕಾರ ಹೇಳು, ಉಳಿದದ್ದು ಹೇಳಬೇಡ.

ನಿನ್ನ ಅಣ್ಣ
ಓರೆಸ್ಟ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಡಾರ್ಲಾ ನಿನ್ನ ಸಂದೇಶ ಓದಿ ಹೇಳಿದಳು. ಪರೀಕ್ಷೆ ನಿನ್ನೆಯೇ ಮುಗಿಯಿತಂತೆ. "ಅಣ್ಣಾ, ನೀ ಹೇಳಿದ ಹಾಗೇ ಮಾಡ್ದೆ. ಟ್ರೇನರ್ ಕೇಳ್ದ, ಸ್ಕೂಲಿಗೆ ಹೋಗಿದ್ದೀಯೇನಯ್ಯಾ ಅಂತ. ಎಲ್ರೂ ಬಿದ್ದು ಬಿದ್ದು ನಕ್ರು!" ಪಾವ್ಲೋ, ಇದು ಕೈಸೇರಿದ ಕೂಡಲೇ ಆ ಟ್ರೇನರ್ ಬಳಿ ಹೋಗಿ ಸುಳ್ಳು ಉತ್ತರ ಕೊಟ್ಟೆ ಎಂದು ಒಪ್ಪಿಕೊಂಡು ಮತ್ತೆ ಪರೀಕ್ಷೆ ಕೊಡು. ಬೈದರೂ, ಮನೆಗೆ ಕಳಿಸಿದರೂ ಸರಿ. ನಿನ್ನ ಕಾಲು ಹಿಡಿಯುತ್ತೇನೆ. ನೀನು ಹೋಗುವುದಿಲ್ಲ, ನನಗೆ ಗೊತ್ತು. ನಿನ್ನ ವಯಸ್ಸಿನಲ್ಲಿ ನಾನೂ ಹೋಗುತ್ತಿರಲಿಲ್ಲ.