ಬಾಣಂತಿ ಗುಡಿಸಲಿನ ಉಗುಳು

4-11-1986
ಬೆಳಗ್ಗೆ ಪರೀಕ್ಷೆಗೆ ಉಗುಳು ತರಲು ಮತ್ತೆ ಬಾಣಂತಿ ಗುಡಿಸಲಿಗೆ. ಹಟ್ಟಿಯ ಆಚೆ, ಮುಳ್ಳುಬೇಲಿಯ ಹೊರಗೆ, ಚಿಕ್ಕಹನುಮಕ್ಕ ಸೂತಕ ಕಳೆಯುವವರೆಗೆ ಕೂಸಿನ ಜೊತೆ ಒಬ್ಬಳೇ. ಸೀಸೆ ಕೊಟ್ಟರೆ ಕೆಂಪಗೆ ಉಗುಳಿದಳು!

"ಎಲೆ ಅಡಿಕೆ ಹಾಕಬ್ಯಾಡ ಅಂದಿರ್ಲಿಲ್ವೇನಕ್ಕ?"

"ಎಲೆ ಇಲ್ದೆ ಬಾಯಲ್ಲಿ ನೀರು ಹೆಂಗೆ ಬತ್ತದೆ ಕಣಮ್ಮ? ಅಲ್ಲ ಗಿರಿಯಮ್ಮ, ನನ್ ಎಂಜ್ಲು ತಗಂಡೋಗಿ ಮಾಟ ಗೀಟ ಮಾಡಿಸ್ತಾರಾ?"

ನಗು ಬಂತು. ನನ್ನನ್ನು ಈ ಕೆಲಸಕ್ಕೆ ಇಟ್ಟುಕೊಂಡ ಬೆಂಗಳೂರಿನ ಡಾಕ್ಟರಮ್ಮ ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ — ಮನಸ್ಸಿಗೆ ಕಷ್ಟವಾದರೆ ಮೈಯೊಳಗೆ ಒಂದು ಹಾರ್ಮೋನ್ ಏರುತ್ತದೆ, ಉಗುಳಿನಲ್ಲಿ ಸಿಗುತ್ತದೆ, ಲ್ಯಾಬಿನಲ್ಲಿ ಅಳೆಯುತ್ತಾರೆ.

"ಕಷ್ಟ ಐತಾ ಅಂತ ನನ್ನೇ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಬಾಯಿ ತೊಳೆಸಿ ಇನ್ನೊಂದು ಸೀಸೆ ಕೊಟ್ಟೆ. ಸೂತಕದವಳ ಸೀಸೆ ಮುಟ್ಟಿದ್ದಕ್ಕೆ ಮನೆಗೆ ಬರುವ ಮೊದಲು ತಣ್ಣೀರು ಸ್ನಾನ. ನಾನು ಏಳು ತಿಂಗಳ ಬಸುರಿ ಅಂತ ರಿಯಾಯಿತಿ ಇಲ್ಲ.

19-11-1986
ಜೀಪು ಬಂತು. ಡಾಕ್ಟರಮ್ಮ ಸೀಸೆಗಳನ್ನು ಐಸ್ ಡಬ್ಬಿಗೆ ಜೋಡಿಸುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ನನಗೆ ಆ ಗುಡಿಸಲು ಬೇಡ ಮೇಡಂ... ಅತ್ತೆಗೆ ಒಂದು ಮಾತು ಹೇಳಿ. ಶಿರಾ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಿ. "ನೋಡೋಣ" ಅಂದರು. ದೊಡ್ಡವರ ನೋಡೋಣ. ಆದರೂ ಖುಷಿ. ಎರಡು ರೊಟ್ಟಿ ಜಾಸ್ತಿ ತಿಂದೆ.

28-12-1986
ಅತ್ತೆ ಭೀಮಕ್ಕ ಜಗ್ಗುವುದಿಲ್ಲ. "ಎಸ್ಸೆಲ್ಸಿ ಓದಿದ್ರೆ ನಿನಗೆ ಬ್ಯಾರೆ ದ್ಯಾವ್ರೇನೇ? ನಾನೂ ಅಲ್ಲೇ ಇದ್ದು ಬಂದಿಲ್ವಾ? ಸತ್ತೋದ್ನಾ?" ಗಂಡ ಮಾರಣ್ಣ ಕುರಿಗಳನ್ನು ನೋಡುತ್ತಾ ನಿಂತಿದ್ದ.

ಇವತ್ತು ಡಾಕ್ಟರಮ್ಮನೂ ಬಂದರು. ಅತ್ತೆಯ ಹತ್ತಿರ ಮಾತಾಡುತ್ತಾರೆಂದು ಕಾದೆ. ನನ್ನನ್ನು ಪಕ್ಕಕ್ಕೆ ಕರೆದರು. "ಹೇಳಿದ ಹೊತ್ತಿಗೆ ಸರಿಯಾಗಿ ತೆಗೆಯೋಳು ನೀನೊಬ್ಬಳೇ ಗಿರಿಯಮ್ಮ. ನೀನೇ ಗುಡಿಸಲೊಳಗಿದ್ದರೆ ಎಂಥ ಸ್ಯಾಂಪಲ್ ಸಿಗತ್ತೆ ಗೊತ್ತಾ?" ಹೊಸ ಸೀಸೆಗಳ ಪೆಟ್ಟಿಗೆ ಕೈಗಿಟ್ಟರು. ಬೆನ್ನು ತಟ್ಟಿದರು ಬೇರೆ!

ಮೈಯೆಲ್ಲ ಉರಿಯಿತು. ಅತ್ತ ದರಿ ಇತ್ತ ಪುಲಿ. ಅತ್ತೆಗೆ ದೇವರ ಭಯ, ಇವರಿಗೆ ಲ್ಯಾಬಿನ ಆಸೆ.

17-1-1987, ಗುಡಿಸಲು
ಹೆಣ್ಣು ಕೂಸು. ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಸೋಗೆಯ ಸಂದಿಯಿಂದ ಥಂಡಿ ಗಾಳಿ. ಅತ್ತೆ ಮುದ್ದೆ ದೂರದಲ್ಲಿಟ್ಟು ಹಿಂದಕ್ಕೆ ಸರಿಯುತ್ತಾರೆ. ಕೂಸನ್ನು ಎತ್ತಲು ಅವರ ಕೈಯೂ ಆಡುತ್ತದೆ, ಕಾಣುತ್ತದೆ... ಎತ್ತುವುದಿಲ್ಲ. ಬೆಳಗ್ಗೆ ಸಂಜೆ ಉಗುಳುತ್ತಿದ್ದೇನೆ. ಬಾಯಿ ಒಣಗಿದೆ.

23-1-1987
ಕೂಸಿಗೆ ಕೆಮ್ಮು. ಮೊಲೆ ಹಿಡಿಯುತ್ತಿಲ್ಲ. ಡಾಕ್ಟರಮ್ಮ ಬೇಲಿಯ ಆಚೆಯಿಂದಲೇ ನೋಡಿದರು, ಡ್ರಾಪ್ಸ್ ಕೊಟ್ಟರು. ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಅತ್ತು ಬೇಡಿಕೊಂಡೆ. "ಹಟ್ಟಿಯವರು ಮುನಿಸಿಕೊಂಡರೆ ಮುಂದೆ ಯಾರೂ ಉಗುಳು ಕೊಡಲ್ಲ. ಇನ್ನು ಸ್ವಲ್ಪ ದಿನ, ಅಷ್ಟೇ" ಅಂದರು ಡಾಕ್ಟರಮ್ಮ. ಸೀಸೆ ತೆಗೆದುಕೊಂಡು ಹೋದರು.

30-1-1987, ಬೆಳಗ್ಗೆ
ಅವತ್ತಿನಿಂದ ಉಗುಳಿಲ್ಲ. ಸೀಸೆಗಳೆಲ್ಲ ಖಾಲಿ. ನನ್ನ ಉಗುಳು ಬೇಕು ತಾನೆ? ನನ್ನನ್ನೂ ಕೂಸನ್ನೂ ಜೀಪಿಗೆ ಹತ್ತಿಸಿಕೊಳ್ಳಲಿ, ಆಸ್ಪತ್ರೆಯಲ್ಲಿ ಕೂತು ಕೊಡಗಟ್ಟಲೆ ಉಗುಳುತ್ತೇನೆ. ಅಲ್ಲಿಯವರೆಗೆ ಒಂದು ಹನಿ ಇಲ್ಲ. ಕೂಸಿನ ಮೈ ಸುಡುತ್ತಿದೆ. ಹೆದರಿಕೆಯಾಗುತ್ತಿದೆ.

ಜೀಪಿನ ಸದ್ದು. ಬೇಲಿಯ ಮುಳ್ಳು ಸರಿಸಿಟ್ಟಿದ್ದೇನೆ. ಅತ್ತೆ ಆಗಲೇ ಕೂಗುತ್ತಿದ್ದಾರೆ. ಡಾಕ್ಟರಮ್ಮ ಇಳಿದರು — ಕೈಯಲ್ಲಿ ಐಸ್ ಡಬ್ಬಿ — ನನ್ನ ಕಡೆಗೆ ಬರುತ್ತಿದ್ದಾರೆ. ಬರೆದದ್ದು ಸಾಕು, ಕೂಸನ್ನೆತ್ತಿಕೊಂಡು ಜೀಪಿನತ್ತ ಹೊರಟೆ.