ಪೆನ್ಸಿಲಿನ ಹದಿನಾಲ್ಕು

ನವೆಂಬರ್ ೧೯, ಗುರುವಾರ

ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ರಬ್ಬರಿನ ವಾಸನೆ ಹೋಗಿಲ್ಲ. ಥೂ.

ನಮ್ಮ ಶಾಲೆಯಲ್ಲಿ ಪ್ರಾಕ್ಟಿಕಲ್ ಅಂಕಗಳನ್ನು ಮೊದಲು ಪೆನ್ಸಿಲಿನಲ್ಲಿ ಬರೆಯುತ್ತೇವೆ; ಪ್ರಿನ್ಸಿಪಾಲರು ನೋಡಿದ ಮೇಲೆ ಇಂಕು. ಇವತ್ತು ಅವರು ನನ್ನ ಪಟ್ಟಿಯ ಜೊತೆ ಹೊಸ ರಬ್ಬರನ್ನೂ ಕೈಗಿಟ್ಟರು. "ತೊಂಬತ್ತೈದು ಸರಾಸರಿ ಇಲ್ದಿದ್ರೆ ದೊಡ್ಡ ಕಾಲೇಜಿನವರು ಅರ್ಜಿ ಮೂಸಿಯೂ ನೋಡಲ್ಲ ಮೇಡಂ. ಮಕ್ಕಳ ಭವಿಷ್ಯಕ್ಕೆ ಕಲ್ಲು ಹಾಕಬೇಡಿ," ಎಂದರು. ನಾನು ಹೂಂಗುಟ್ಟಿದೆ. ಮೂವತ್ತೊಂದು ಮಕ್ಕಳಿಗೂ ಇಪ್ಪತ್ತಕ್ಕೆ ಇಪ್ಪತ್ತು.

ಲೋಲಕದ ಪ್ರಯೋಗದಲ್ಲಿ ಉಳಿದವರೆಲ್ಲ ಪುಸ್ತಕದ ಉತ್ತರವನ್ನೇ ಇಳಿಸಿದ್ದರು. ಕನ್ನಡಕದ ಹುಡುಗಿಯೊಬ್ಬಳು ಮಾತ್ರ, ತಪ್ಪೆಂದು ಗೊತ್ತಿದ್ದೂ, ತಾನು ಅಳೆದದ್ದನ್ನೇ ಬರೆದಿದ್ದಳು. ಹದಿನಾಲ್ಕು ಕೊಟ್ಟಿದ್ದೆ, ಬೆನ್ನೂ ತಟ್ಟಿದ್ದೆ. ಆ ಹದಿನಾಲ್ಕನ್ನೂ ಉಜ್ಜಿ ತೆಗೆದೆ.

ಸಂಜೆ ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ಸ್ಟಾಫ್ ರೂಮಿಗೆ ಬಂದಳು. "ಮಿಸ್, ನನ್ನ ರೀಡಿಂಗ್ ತಪ್ಪಿತ್ತಲ್ಲ?"

"ಇರ್ಲಿ ಬಿಡೇ, ಸರಾಸರಿಗೆ ಒಳ್ಳೇದು," ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಅವಳು ಖುಷಿಪಡಲಿಲ್ಲ, ಜಗಳವನ್ನೂ ಆಡಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು: "ಹಾಗಾದ್ರೆ ನಾಳೆ ಲ್ಯಾಬಲ್ಲಿ ನಿಜವಾಗ್ಲೂ ಅಳೀಬೇಕಾ ಮಿಸ್?"

ಬಸ್ಸಿಗೆ ಹೊತ್ತಾಯಿತು ಎಂದು ಚೀಲ ಎತ್ತಿಕೊಂಡೆ. ಶಾಲೆಯಿಂದ ನನ್ನ ಮನೆಗೆ ಎರಡೇ ಬೀದಿ. ಅದು ಅವಳಿಗೂ ಗೊತ್ತು.